ಕಲ್ಲಿದ್ದಲು ಅಂತಲೇ ಬರೀರಿ

ಬಿತೊಮ್ ಊರಿನ ಎದೆರೋಗದ ಆಸ್ಪತ್ರೆ, ಮೂರನೆಯ ಮಹಡಿ.
ಲಿಫ್ಟು ಕೆಟ್ಟು ವಾರವಾಯಿತು. ಹಾಗಾಗಿ
ಯಾರಲ್ಲಿ ಎಷ್ಟು ಉಸಿರಿದೆಯೆಂದು
ಬಾಗಿಲು ತಟ್ಟುವ ಮೊದಲೇ ನನಗೆ ತಿಳಿಯುತ್ತದೆ.

ಅಲೋಯ್ಸ್ ಕೊಪ್ಯೆತ್ಸ್ ಎರಡು ಸಲ ನಿಂತ,
ಕಂಬಿ ಹಿಡಿದು, ಗೋಡೆಯ ಪೋಸ್ಟರು ಓದುವವನ ಹಾಗೆ.
ಮೂವತ್ತೊಂದು ವರ್ಷ ಗಣಿಯ ತಳದಲ್ಲಿದ್ದವನು
ದಣಿದೆ ಎಂದು ಒಪ್ಪುವುದಿಲ್ಲ.

ದಪ್ಪ ಫೈಲು. ಹಾಳೆ ಹಾಳೆಗೂ ಒಂದೇ ಮಾತು:
ಕಲ್ಲಿದ್ದಲ ಧೂಳು.
ಬರೆದವರು ನಾಲ್ವರು, ಅವರಲ್ಲಿ ಒಬ್ಬಳು ನಾನು.
ಸಂಜೆಯ ಜ್ವರಕ್ಕೆ ಎರಡು ಸಲ ಆಂಟಿಬಯಾಟಿಕ್;
ಎರಡು ಸಲವೂ ಹೋಯಿತಂತೆ, ಎರಡು ಸಲವೂ ಮರಳಿತಂತೆ.

ಅಂಗಿ ಬಿಚ್ಚಿದ. ಬೆನ್ನ ತುಂಬ ನೀಲಿ ಗೀರು,
ಹಳೆಯ ಗಾಯಗಳೊಳಗೆ ಉಳಿದುಹೋದ ಇದ್ದಲ ಹಚ್ಚೆ.
ಪಕ್ಕೆಯ ಕೆಳಗೆ, ಉಸಿರೆಳೆದ ಕೊನೆಯಲ್ಲಿ
ಕಿವಿಯ ಹತ್ತಿರ ಕೂದಲೆಳೆ ಉಜ್ಜಿದ ಸದ್ದು.
ಕಲ್ಲಿದ್ದಲು ಹೀಗೆ ಮಾತಾಡುವುದಿಲ್ಲ.

ಸ್ಕ್ಯಾನಿನಲ್ಲಿ
ಯಾರೋ ಊದಿ ಮಬ್ಬಾಗಿಸಿದ ಗಾಜಿನಂಥ ಬಿಳುಪು.
ಹೋದ ತಿಂಗಳು ಇದೇ ಬಿಳುಪು, ಕೀಲುನೋವಿನ ಮಾತ್ರೆ
ನುಂಗುತ್ತಿದ್ದ ಸಂಗೀತದ ಟೀಚರಿಗೆ.
ಮಾತ್ರೆ ನಿಲ್ಲಿಸಿದೆವು, ಬದುಕಿದರು.
ಅದಕ್ಕೂ ಹಿಂದೆ ಹತ್ತೊಂಬತ್ತರ ಹುಡುಗ,
ಮಾವಿನ ವಾಸನೆಯ ಹೊಗೆಪೆನ್ನು ಸೇದುತ್ತಿದ್ದವನು;
ನಾವು ಕೇಳುವಷ್ಟರಲ್ಲಿ ಗಂಟಲಿಗೆ ಟ್ಯೂಬು ಇಳಿಸಿಯಾಗಿತ್ತು.
ಬಾಸುಂಡೆಗೆ ಹೊಡೆದವನ ಹೆಸರು ಗೊತ್ತಿರುವುದಿಲ್ಲ.

"ಯಾವಾಗಲಾದರೂ ಹಗುರ ಅನ್ನಿಸಿತ್ತೆ?"
"ಕ್ರಿಸ್ಮಸ್ಸಿಗೆ. ಗ್ದಿನಿಯಾದಲ್ಲಿ, ಮಗಳ ಮನೆ, ಎರಡು ವಾರ.
ಸಮುದ್ರದ ಗಾಳಿ, ಡಾಕ್ಟರಮ್ಮ! ನಾಲ್ಕು ಮಹಡಿ ಹತ್ತಿದೆ."
"ಮರಳಿದ ಮೇಲೆ?"
"ಮಾರನೆಯ ಸಂಜೆಯೇ ನಡುಕ."

ಅವನ ಕೋಟಿನ ಕಾಲರಿನಲ್ಲಿ
ಉಗುರಿನಷ್ಟು ಒಂದು ಬೂದು ಪುಕ್ಕ.

"ಆ ಎರಡು ವಾರ ಅವುಗಳಿಗೆ ಕಾಳು ಹಾಕಿದವರು ಯಾರು?"

ಮುಖ ಅರಳಿತು.
"ಪಕ್ಕದ ಮನೆಯ ಎರ್ವಿನ್. ಅರವತ್ತೆರಡು ಪಾರಿವಾಳ!
ಅದರಲ್ಲೊಂದು ನೀಲಿ ಹೆಣ್ಣು, ಬ್ರಸೆಲ್ಸಿಂದ
ಒಂದೇ ಹಗಲಲ್ಲಿ ಬಂದವಳು, ರೆಕ್ಕೆ ಬಿಚ್ಚಿದರೆ ಹಿಟ್ಟು ಉದುರುತ್ತೆ..."
ಅಲ್ಲಿಗೆ ನಿಲ್ಲಿಸಿದ.
ನಾನು ಬರೆದುಕೊಳ್ಳುತ್ತಿದ್ದುದು ಅವನಿಗೆ ಕಂಡಿತು.

ರಕ್ತದ ವರದಿಗೆ ಎಂಟು ದಿನ. ಹೌದು ಎಂದಿತು.
ಸ್ಟಿರಾಯ್ಡ್ ಬರೆದೆ: ಬೆಳಗ್ಗೆ ತಿಂಡಿಯಾದ ಮೇಲೆ,
ತಿಂಗಳುಗಟ್ಟಲೆ, ಇಳಿಸುತ್ತಾ ಇಳಿಸುತ್ತಾ.
ಸಕ್ಕರೆ ಏರೀತು, ಮೂಳೆ ಸವೆದೀತು, ನೋಡಿಕೊಳ್ಳೋಣ.
"ಆದರೆ ಇದು ಉಕ್ಕುವ ಹಾಲಿಗೆ ನೀರು ಚಿಮುಕಿಸಿದ ಹಾಗೆ.
ಒಲೆ ಆರಿಸಬೇಕು, ಕೊಪ್ಯೆತ್ಸ್. ಅವು ಹೋಗಬೇಕು."

ಟೋಪಿಯನ್ನು ಮಡಿಲಲ್ಲಿ ತಿರುಗಿಸುತ್ತಾ ಕೂತ.
"ಕಲ್ಲಿದ್ದಲು ಅಂತಲೇ ಬರೀರಿ."
"ಪಿಂಚಣಿಗೆ ತೊಂದರೆಯಿಲ್ಲ, ಅದು ಬರುತ್ತಲೇ ಇರುತ್ತೆ..."
"ಪಿಂಚಣಿಗಲ್ಲ.
ಇದ್ದಲು ನನ್ನ ತಿಂದರೆ ನ್ಯಾಯ, ನಾನೂ ಅದನ್ನ ತಿಂದೆ.
ಇವು ನನ್ನ ತುಟಿಯಿಂದ ಕಾಳು ಎತ್ತಿಕೊಂಡವು."

ಹೆಂಡತಿ ತ್ರೂದಾ ಬುಟ್ಟಿಗಳಿಗೆ ತುಂಬಿದಳಂತೆ,
ಇವನು ರಸ್ತೆಯ ಆಚೆ ನಿಂತಿದ್ದನಂತೆ.
ಒಪೊಲೆಯವನೊಬ್ಬ ಕೊಂಡೊಯ್ದ. ಗೂಡು ಕಿತ್ತರು,
ನೆಲ ತೊಳೆದರು, ಪರದೆ ಸುಟ್ಟರು.
ನಾಲ್ಕನೆಯ ವಾರ, ಮನೆಯ ಹಂಚಿನ ಮೇಲೆ
ಸಾಲಾಗಿ ಇಪ್ಪತ್ಮೂರು.

ಮರಳಿ ಬರುವುದೊಂದನ್ನೇ ಅವನು ಅವಕ್ಕೆ ಕಲಿಸಿದ್ದು.

ಜೂನ್. ಲಿಫ್ಟು ಸರಿಯಾಗಿದೆ; ಆದರೂ ಮೆಟ್ಟಿಲು ಹತ್ತಿ ಬಂದ,
ಒಮ್ಮೆ ಮಾತ್ರ ನಿಂತು. ಊದಿದ ಅಂಕಿ ಮೇಲೇರಿದೆ.
ಎಡಪಕ್ಕೆಯಲ್ಲಿ ಮಾತ್ರ ಆ ಕೂದಲ ಸದ್ದು, ಸಣ್ಣಗೆ.
"ಇನ್ನೂ ಸ್ವಲ್ಪ ಉಳಿದಿದೆ," ಎಂದೆ, "ಕಲೆ. ಅದು ಹೋಗುವುದಿಲ್ಲ."
"ಹೌದು," ಎಂದ. "ಆರು ಉಳಿದಿವೆ. ನೀಲಿಯೂ ಸೇರಿ.
ಎರ್ವಿನ್ ದಿನಾ ಓಡಿಸುತ್ತಾನೆ."
"ಕಿಟಕಿ?"
"ಮುಚ್ಚಿದ್ದೇನೆ ಡಾಕ್ಟರಮ್ಮ, ಆಣೆಗೂ.
ಗಾಜಿನ ಮೇಲೆ ನನ್ನ ಉಸಿರು ಕೂತುಬಿಡುತ್ತೆ.
ತೋಳಿಂದ ಒರೆಸಿಕೊಂಡು ನೋಡುತ್ತೇನೆ."